ಬಿಕ್ಕಳಿಕೆಗೊಂದು ಚೊಂಬು ನೀರು

ನಮ್ಮಕ್ಕನ ಮನೆಯ ಅಡುಗೆಕಟ್ಟೆಯ ಮೇಲೊಂದು ಸ್ಟೀಲಿನ ಚೊಂಬಿದೆ. ಅದರ ಹೊಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ‘ಹೊಂಬೇಗೌಡ, ಗುತ್ತಲು’ ಎಂದು ಕೆತ್ತಿದೆ. ಅದು ನಾನೇ. ಅಕ್ಕ ಹೊಳಲಿನಲ್ಲಿ ಮನೆ ಕಟ್ಟಿಸಿ ಒಕ್ಕಲಾದಾಗ ಕೊಟ್ಟದ್ದು. ಪಡೆದವರು ಮರೆತುಬಿಟ್ಟಾರೆಂಬ ದೂರದೃಷ್ಟಿಯಿಂದ ನಾವು ಉಡುಗೊರೆಯನ್ನು ಹೆಸರು ಕೆತ್ತಿಸದೆ ಕೊಡುವವರಲ್ಲ. ಆ ಮನೆಯಲ್ಲಿ ಈ ಚೊಂಬಿಗೆ ವಹಿಸಿದ್ದ ಕೆಲಸ ಒಂದೇ, ಬಿಕ್ಕಳಿಕೆ ಬಂದವರಿಗೆ ನೀರು ಕುಡಿಸುವುದು.

ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆಂಬ ಶಾಸ್ತ್ರ ನಿಮಗೂ ಗೊತ್ತಿದ್ದೀತು. ಗುಟುಕಿಗೊಂದು ಹೆಸರು ಹೇಳುತ್ತಾ ಹೋಗಬೇಕು. ಯಾರ ಹೆಸರಿಗೆ ನಿಂತಿತೋ ಅವರೇ ನೆನೆಸಿಕೊಂಡವರು. ಮೂರು ವರ್ಷದ ಹಿಂದೆ ಅಕ್ಕನಿಗೆ ಬಿಕ್ಕಳಿಕೆ ಹಿಡಿದಾಗ ಪಕ್ಕದ ಮನೆಯ ಪುಟ್ಟತಾಯಮ್ಮ ಈ ತನಿಖೆಯ ಮುಖ್ಯಸ್ಥೆಯಾದರು. ಬದುಕಿದ್ದ ನೆಂಟರ ಹೆಸರು ಮೊದಲ ದಿನವೇ ಮುಗಿಯಿತು. ಎರಡನೆಯ ದಿನ ಸತ್ತವರನ್ನೂ ಎಬ್ಬಿಸಿ ವಿಚಾರಿಸಿದರು. ಮೂರನೆಯ ದಿನ ವಾಂತಿಯೂ ಸೇರಿಕೊಂಡು ಅಕ್ಕ ಹಣ್ಣಾಗಿದ್ದಾಗ, ನನ್ನ ಹೆಸರು ಹೇಳಿದ್ದೇ ತಡ, ಗಳಿಗೆಯ ಮಟ್ಟಿಗೆ ನಿಂತಿತಂತೆ. ಭಾವ ಕೂಡಲೇ ಫೋನು ಮಾಡಿ, “ನೀನೇನಯ್ಯಾ ನೆನಸ್ಕಂಡಿದ್ದು?” ಎಂದರು. ತಿಂಗಳಿಂದ ಅಕ್ಕನ ನೆನಪನ್ನೇ ಮಾಡದಿದ್ದ ನಾನು, ಕಚೇರಿಯ ಕುರ್ಚಿಯಲ್ಲಿ ಒರಗಿಕೊಂಡು, “ಊಂ ಭಾವ, ಈಗ್ ತಾನೆ” ಎಂದುಬಿಟ್ಟೆ. ಸುಳ್ಳಾಡಿದ ನಾಚಿಕೆಗಿಂತ ಆಯ್ಕೆಯಾದ ಹೆಮ್ಮೆಯೇ ಹೆಚ್ಚಾಗಿತ್ತು. ಕಾರಣ ಸಿಕ್ಕಿತಲ್ಲ, ಇನ್ನು ಆಸ್ಪತ್ರೆ ಯಾಕೆಂದು ಆ ಮನೆಯವರೂ ಸುಮ್ಮನಾದರು.

ಹತ್ತು ದಿನಕ್ಕೆ ಬಿಕ್ಕಳಿಕೆ ತಾನಾಗಿಯೇ ಹೋಯಿತು. ತಿಂಗಳು ಕಳೆದ ಮೇಲೆ ಬಲಗಣ್ಣು ಹೊರಳಿಸಿದರೆ ನೋವು, ಆಮೇಲೆ ಮಬ್ಬು. ನಮ್ಮ ಕಡೆ ಮನುಷ್ಯನಿಗೆ ಗ್ಯಾಸು, ಹೀಟು, ದೃಷ್ಟಿ ಬಿಟ್ಟರೆ ಬೇರೆ ಕಾಯಿಲೆ ಬರುವ ಪದ್ಧತಿಯಿಲ್ಲ. ಗ್ಯಾಸಿನ ಸರದಿ ಆಗಲೇ ಮುಗಿದಿತ್ತಾದ್ದರಿಂದ ಹೀಟಿಗೆಂದು ನೆತ್ತಿಗೆ ಹರಳೆಣ್ಣೆ ತಟ್ಟಿದರು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ನಾನು ಓದಿದವನಲ್ಲವೆ, ಮಂಡ್ಯದಲ್ಲಿ ಕನ್ನಡಕ ಮಾಡಿಸಿಕೊಟ್ಟೆ. ಕಾಲು ಜೋಮು ಹಿಡಿದು ಅಕ್ಕ ಹೊಸಿಲ ಬಳಿ ಕುಸಿದಾಗಲೇ ಮೈಸೂರಿನ ನರರೋಗದ ಡಾಕ್ಟರಮ್ಮನ ಮುಂದೆ ಕೂತದ್ದು.

ಅವರು ರಕ್ತ ಪರೀಕ್ಷೆ ಮಾಡಿಸಿ ‘ನ್ಯೂರೋಮಯಲೈಟಿಸ್ ಆಪ್ಟಿಕಾ’ ಎಂದರು. ಚೊಂಬಿನ ಮೇಲೆ ಕೆತ್ತಿಸಹೊರಟರೆ ಒಂದು ಸುತ್ತು ಬಂದು ನನ್ನ ಹೆಸರಿಗೆ ಡಿಕ್ಕಿ ಹೊಡೆಯುವಷ್ಟು ಉದ್ದದ ಹೆಸರು! ಕಣ್ಣಿನ ನರ, ಬೆನ್ನುಹುರಿ, ಮೆದುಳುಗಳಲ್ಲಿ ನೀರು ಓಡಾಡಲು ಸಣ್ಣ ಸಣ್ಣ ಬಾಗಿಲುಗಳಿರುತ್ತವಂತೆ. ರೋಗದ ಮೇಲೆ ಕಾದಾಡಬೇಕಾದ ದೇಹದ ಪಡೆಯೇ ದಾರಿ ತಪ್ಪಿ ಆ ಬಾಗಿಲುಗಳ ಮೇಲೆ ಬೀಳುತ್ತದಂತೆ. ನಿಲ್ಲದ ಬಿಕ್ಕಳಿಕೆಯೂ ವಾಂತಿಯೂ ಅದರದೇ ಮೊದಲ ಏಟು. ನನಗೆ ಅರ್ಧವೂ ತಿಳಿಯಲಿಲ್ಲ. ನಾಲೆಯ ಬಯಲಲ್ಲಿ ಬೆಳೆದ ಅಕ್ಕ ಮಾತ್ರ, “ತೂಬು ಕಾಯಾಕಿಟ್ಟ ನೀರುಗಂಟಿನೇ ತೂಬು ಒಡೀತಾವ್ನೆ ಅನ್ನಿ ಮೇಡಮ್ಮೋರೆ” ಎಂದಳು. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದರು.

ಐದು ದಿನ ಸ್ಟೀರಾಯ್ಡಿನ ಡ್ರಿಪ್ಪು ಹಾಕಿದರು. ಸಾಲದೆಂದು ರಕ್ತದ ನೀರಿನಂಶವನ್ನು ಯಂತ್ರದಲ್ಲಿ ಬೇರ್ಪಡಿಸಿ ಬದಲಾಯಿಸಿದರು. ಕಾಲು ಮರಳಿತು, ಬಲಗಣ್ಣು ಮರಳಲಿಲ್ಲ. “ಬಿಕ್ಕಳಿಕೆ ಬಂದ ವಾರದಲ್ಲೇ ಕರಕೊಂಡು ಬಂದಿದ್ದರೆ…” ಎಂದು ಡಾಕ್ಟರಮ್ಮ ಮಾತು ನಿಲ್ಲಿಸಿದರು. ಆ ಅರ್ಧ ವಾಕ್ಯದೊಳಗೆ ನನ್ನ ‘ಊಂ ಭಾವ’ ಕೂಡ ಇತ್ತು. ನನಗೆ ನೆಲದೊಳಗೆ ಇಳಿದುಹೋಗುವಷ್ಟು ನಾಚಿಕೆಯಾಯಿತು.

ಎಡಗಣ್ಣು ಉಳಿಯಬೇಕಾದರೆ, ಎಷ್ಟೇ ಚೆನ್ನಾಗಿದ್ದರೂ, ಆ ಪಡೆಯನ್ನು ಹದ್ದುಬಸ್ತಿನಲ್ಲಿಡುವ ಮಾತ್ರೆಯನ್ನು ಬಿಡಕೂಡದೆಂದು ಅಪ್ಪಣೆಯಾಯಿತು. ಆದರೆ ಚೆನ್ನಾಗಿರುವವರು ಮಾತ್ರೆ ನುಂಗುವುದನ್ನು ನಮ್ಮೂರು ಸಹಿಸುತ್ತದೆಯೇ? “ಚೆಂದಾಗವ್ಳೆ, ಇನ್ಯಾಕ್ಲಾ ಮಾತ್ರೆ? ಮೈ ಈಟಾಯ್ತದೆ, ಬುಡ್ಸು” ಎಂದು ಪುಟ್ಟತಾಯಮ್ಮ ನನಗೇ ಬುದ್ಧಿ ಹೇಳಿದರು. ಅಕ್ಕ ಎರಡು ತಿಂಗಳು ಬಿಟ್ಟೂಬಿಟ್ಟಳು. ಒಂದು ಬೆಳಿಗ್ಗೆ ಬಿಕ್ಕಳಿಕೆ ಮತ್ತೆ ಶುರುವಾಗಿ ಮಧ್ಯಾಹ್ನವಾದರೂ ನಿಲ್ಲಲಿಲ್ಲ. ಪುಟ್ಟತಾಯಮ್ಮ ಚೊಂಬು ಹಿಡಿದು ಹೆಸರು ಹೇಳಲು ಬಂದೇಬಂದರು. ಅಕ್ಕ ಚೊಂಬನ್ನು ಪಕ್ಕಕ್ಕಿಟ್ಟು, “ನೆನಸ್ಕಂಡಿರೋದು ಕಾಯ್ಲೆ ಕಣಮ್ಮ. ಆಟೋ ಕರೀರಿ” ಎಂದಳು. ಅದೇ ದಿನ ಡ್ರಿಪ್ಪು ಬಿತ್ತು. ಎಡಗಣ್ಣು ಉಳಿಯಿತು.

ಅಂದಿನಿಂದ ಅಕ್ಕನದು ಹೊಸ ವ್ರತ. ದಿನಾ ಬೆಳಿಗ್ಗೆ ಮಾತ್ರೆ ನುಂಗಿ, ಇರುವ ಒಂದು ಕಣ್ಣಿನಿಂದ ಚೊಂಬಿನ ಮೇಲಿನ ಹೆಸರು ಓದಿ ನನಗೆ ಫೋನು ಮಾಡುತ್ತಾಳೆ. “ಹೊಂಬೇಗೌಡ, ಗುತ್ತಲು. ಸರ್ಯಾಗ್ ಕಾಣ್ತದೆ ಕಣ್ಲಾ” ಎಂದರೆ ನನ್ನ ಕಾಫಿ ಗಂಟಲಿಗಿಳಿಯುತ್ತದೆ. ಮೊನ್ನೆ ಎಂಟಾದರೂ ಫೋನು ಬರಲಿಲ್ಲ. ಕಾಫಿಯನ್ನು ಒಂದೇ ಗುಟುಕಿಗೆ ಸುರಿದುಕೊಂಡು ಬೈಕಿನಲ್ಲಿ ಹೊಳಲಿಗೆ ಓಡಿದೆ. ಅಕ್ಕ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. “ಕರೆಂಟಿರ್ನಿಲ್ಲ, ಫೋನು ಸತ್ತೋಗದೆ” ಎಂದಳು. ಬಾಯಿ ತೆರೆದರೆ ನನಗೆ ಮಾತಿನ ಬದಲು ಬಿಕ್ಕಳಿಕೆ ಬಂತು.

ಅವಳು ಒಳಗಿಂದ ಅದೇ ಚೊಂಬಿನಲ್ಲಿ ನೀರು ತಂದಳು. “ನಾನೇ ಕಣ್ಲಾ. ಫೋನ್ ಮಾಡಾಕಾಗ್ನಿಲ್ವಲ್ಲಾ ಅಂತ ಬೆಳಗಿಂದ ನೆನಸ್ಕತಾ ಕುಂತಿವ್ನಿ.”

ಇನ್ನು ತಡೆಯಲಾಗಲಿಲ್ಲ. “ಅಕ್ಕ, ಅವತ್ತು… ನಾನು ನಿನ್ನ ನೆನಸ್ಕಂಡೇ ಇರ್ನಿಲ್ಲ” ಎಂದೆ.

“ಗೊತ್ತಿತ್ತು ಕಣ್ಲಾ,” ಎಂದಳು ಅಕ್ಕ, “ನೀರ್ ಕುಡಿ.”