ಫೋನಿಗೆ ಶುಕ್ರಿಯಾ ಹೇಳುತ್ತಿದ್ದ ಖಾಲಾ

ಖಾಲಾ ಅವರ ಬಲಗೈ ಹೆಬ್ಬೆರಳಿಗೆ ಗೆರೆಗಳೇ ಇರಲಿಲ್ಲ. ನಲವತ್ತು ವರ್ಷ ಬಿಸಿ ಅರಗನ್ನು ಉಜ್ಜಿ ಉಜ್ಜಿ ಬಳೆ ಮಾಡಿದ ಬೆರಳದು, ಹುಣಸೆಬೀಜದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಅದನ್ನು ಒತ್ತಿದರೆ ಅವರ ಫೋನಿಗೆ ಅವರ ಗುರುತೇ ಹತ್ತುತ್ತಿರಲಿಲ್ಲ. ಎಡಗೈಯ ಕಿರುಬೆರಳಲ್ಲಿ ಮಾತ್ರ ಒಂದಿಷ್ಟು ಗೆರೆ ಉಳಿದಿದ್ದವು. ಹಾಗಾಗಿ ಫೋನನ್ನು ಬಲಗೈಯಲ್ಲಿ ಹಿಡಿದು, ಮಗುವಿನ ಗಲ್ಲ ಮುಟ್ಟುವವರಂತೆ ಎಡಗೈ ಕಿರುಬೆರಳನ್ನು ಮೆಲ್ಲಗೆ ತಾಗಿಸುತ್ತಿದ್ದರು. ತೆರೆ ಬೆಳಗಿದ ಕೂಡಲೇ ಮುಖವೂ ಬೆಳಗುತ್ತಿತ್ತು.

ನಾನು ಹುಮನಾಬಾದಿನಿಂದ ಮದುವೆಯಾಗಿ ಬಸವಕಲ್ಯಾಣಕ್ಕೆ ಬಂದಾಗ ನಮ್ಮ ಬಾಡಿಗೆ ಮನೆಯ ಎದುರಿಗೇ ಅವರ ಬಳೆ ಅಂಗಡಿ ಇತ್ತು. ಓಣಿಯವರೆಲ್ಲ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ಅಂಗಡಿಯ ಹಿಂದಿನ ಕೋಣೆಯಲ್ಲೇ ಅವರ ವಾಸ. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಇದ್ದೊಬ್ಬ ಮಗಳನ್ನು ಹುಮನಾಬಾದಿಗೆ ಕೊಟ್ಟಿದ್ದರು. “ನನ್ನ ಮಗಳು ನಿಮ್ಮೂರಿಗಿ ಹೋದ್ಲು, ಅಲ್ಲಾ ನಿನಗ ನಮ್ಮೂರಿಗಿ ಕಳಿಸ್ಯಾನ. ಅದಲಿ ಬದಲಿ ಆಯ್ತು ನೋಡ ಬೇಟಾ” ಎಂದು ಮೊದಲ ದಿನವೇ ನನ್ನ ಕೈಗೆ ಹಸಿರು ಬಳೆ ಏರಿಸಿದರು.

ನಮ್ಮಿಬ್ಬರ ಸ್ನೇಹ ಗಟ್ಟಿಯಾದದ್ದು ಪಡಿತರ ಅಂಗಡಿಯಲ್ಲಿ. ಅಲ್ಲಿನ ಬೆರಳೊತ್ತುವ ಮಷೀನು ಎರಡು ತಿಂಗಳಿಂದ ಖಾಲಾಗೆ ಅಕ್ಕಿ ಕೊಡಿಸಿರಲಿಲ್ಲ. ಫೋನು ಒಪ್ಪಿದ ಕಿರುಬೆರಳನ್ನೂ ಅದು ಒಪ್ಪುತ್ತಿರಲಿಲ್ಲ. “ಮಷೀನ್ ಬ್ಯಾಡ ಅಂದ್ರ ನಾ ಏನ್ ಮಾಡ್ಲಿ ಖಾಲಾ?” ಎಂದು ಅಂಗಡಿಯವರು ಕೈಚೆಲ್ಲಿದರು. ಖಾಲಾ ಜಗಳಕ್ಕೆ ನಿಲ್ಲಲಿಲ್ಲ. ಸಾಲಿನಿಂದ ಹೊರಬಂದು ಮೆಟ್ಟಿಲ ಮೇಲೆ ಕುಳಿತು, ಫೋನನ್ನು ಬಾಯಿಯ ಹತ್ತಿರ ಹಿಡಿದು ಏನೋ ಕೇಳಿದರು. ಆಮೇಲೆ ಸಾಲಿನಲ್ಲಿದ್ದ ನನ್ನನ್ನು ಕೈಮಾಡಿ ಕರೆದರು.

“ಬೇಟಾ, ನನಗ ಉರ್ದು ಬಿಟ್ರ ಬ್ಯಾರೆ ಅಕ್ಷರ ಬರಲ್ಲ. ಇದ್ರಾಗ ಏನ್ ಬರದಾರ ಓದಿ ಹೇಳು.”

ಅದು ಸರ್ಕಾರದ ಪಡಿತರ ವೆಬ್‌ಸೈಟು. ಬೆರಳು ಹೊಂದದವರ ಫೋನಿಗೆ ಒಂದು ನಂಬರು ಕಳಿಸಬೇಕು, ಅದನ್ನು ಮಷೀನಿಗೆ ಹಾಕಿ ರೇಷನ್ ಕೊಡಬೇಕು ಎಂದು ಕನ್ನಡದಲ್ಲೇ ಬರೆದಿತ್ತು. ನಾನು ಅವರ ಕಿವಿಯಲ್ಲಿ ಹೇಳಿದೆ.

“ನನಗಲ್ಲ, ಜೋರಿಲೆ ಓದು. ಎಲ್ಲಾರ್ಗಿ ಕೇಳ್ಲಿ.”

ನಾನು ಹೊಸ ಸೊಸೆ. ಹತ್ತು ಜನರೆದುರು ದನಿ ಎತ್ತಿ ಗೊತ್ತಿರಲಿಲ್ಲ. ಸೆರಗು ಸರಿಮಾಡಿಕೊಂಡು, ನಡುಗುವ ದನಿಯಲ್ಲೇ ಓದಿದೆ. ಅಂಗಡಿಯವರು ಫೋನು ಇಸಿದುಕೊಂಡು ತಾವೂ ಓದಿದರು, ಮಷೀನಿನಲ್ಲಿ ಏನೇನೋ ಒತ್ತಿದರು. ಖಾಲಾರ ಫೋನು ಟಿಂಗ್ ಎಂದಿತು. ಅಕ್ಕಿ ಚೀಲಕ್ಕೆ ಬಿತ್ತು. ಅವತ್ತು ಬೆರಳು ಹತ್ತದೆ ಗೋಡೆಗೊರಗಿ ಕುಳಿತಿದ್ದ ಮೂವರು ಮುದುಕಿಯರಿಗೂ ರೇಷನ್ ಸಿಕ್ಕಿತು. ಕೂಲಿ ಮಾಡಿ ಮಾಡಿ ಅವರ ಬೆರಳೂ ಸವೆದಿದ್ದವು.

ಚೀಲ ಹೊತ್ತು ಬರುವಾಗ ಖಾಲಾ ಹೇಳಿದರು: “ನಿನಗ ಅಕ್ಷರ ಅವ, ನನಗ ಮಾರಿ ಗಟ್ಟಿ ಅದ. ಇಬ್ಬರೂ ಕೂಡಿದ್ರ ಪೂರಾ ಒಬ್ಬ ಮನುಷ್ಯ ಆಗ್ತೀವಿ.”

ಅಂದಿನಿಂದ ಮಧ್ಯಾಹ್ನ ಅಡುಗೆ ಮುಗಿದ ಮೇಲೆ ನಾನು ಅವರ ಅಂಗಡಿಗೆ ಹೋಗಿ ಕೂಡುವುದು ರೂಢಿಯಾಯಿತು. ಖಾಲಾ ಫೋನಿನ ಜೊತೆ ಮಾತಾಡುವುದನ್ನು ಕೇಳುವುದೇ ಒಂದು ಖುಷಿ. ಮೊದಲು ನಮ್ಮ ಮಾತಿನಲ್ಲೇ ಕೇಳುತ್ತಿದ್ದರು, “ಕುಕ್ಕರ್ ಸೀಟಿ ಹೊಡಿವಲ್ದು, ಏನ್ ಮಾಡಬೇಕು?” ಫೋನು ತಬ್ಬಿಬ್ಬಾಗಿ ಯಾವುದೋ ಊರಿನ ಬಸ್ಸಿನ ಸೀಟು ತೋರಿಸುತ್ತಿತ್ತು. ಆಗ ಖಾಲಾ ಗಂಟಲು ಸರಿಮಾಡಿಕೊಂಡು, ರೇಡಿಯೋದಲ್ಲಿ ವಾರ್ತೆ ಓದುವವರ ಠೀವಿಯಲ್ಲಿ, “ಕುಕ್ಕರು ಶಿಳ್ಳೆ ಹೊಡೆಯುತ್ತಿಲ್ಲ. ದಯವಿಟ್ಟು ತಿಳಿಸಿರಿ” ಎನ್ನುತ್ತಿದ್ದರು. ಉತ್ತರ ಬಂದ ಮೇಲೆ ತಪ್ಪದೆ “ಶುಕ್ರಿಯಾ ಸಾಹೇಬ್” ಎಂದು ಹೇಳಿಯೇ ಫೋನು ಕೆಳಗಿಡುವುದು. ಅದರೊಳಗೆ ಯಾವ ಸಾಹೇಬರೂ ಇಲ್ಲ ಖಾಲಾ ಎಂದರೆ, “ಇರ್ಲಿ ಬಿಡು. ಹೇಳಿದ್ರ ನನ್ನ ಬಾಯಿಗೇನು ನೋವಾಗ್ತದ?” ಎನ್ನುತ್ತಿದ್ದರು.

ಅವರು ಹಾಗೆ ಕೇಳಿ ಕಲಿತದ್ದು ಓಣಿಗೆಲ್ಲ ಹಂಚಿಹೋಗುತ್ತಿತ್ತು. ಬೇಳೆ ಒಂದು ಕುದಿ ಬಂದ ಮೇಲೆ ಕುಕ್ಕರನ್ನು ಒಲೆಯಿಂದಿಳಿಸಿ ಹಳೆ ಕೌದಿಯಲ್ಲಿ ಸುತ್ತಿಟ್ಟರೆ ಗ್ಯಾಸು ಉಳಿಯುತ್ತದೆ ಎಂದು ಹೇಳಿಕೊಟ್ಟವರು ಅವರೇ. ಮಕ್ಕಳ ಪಠ್ಯಪುಸ್ತಕ ಹರಿದರೆ ಪುಟಗಳೆಲ್ಲ ಇಲಾಖೆಯ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ ಎಂದು ಹುಡುಕಿದವರೂ ಅವರೇ. ಹಳೆ ಫ್ರಿಜ್ಜು ಕೊಳ್ಳಲು ಹೊರಟವರು ಅವರನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಖಾಲಾ ಫ್ರಿಜ್ಜಿನ ಬಾಗಿಲ ಸಂದಿಯಲ್ಲಿ ಒಂದು ಕಾಗದ ಸಿಗಿಸಿ ಬಾಗಿಲು ಹಾಕಿ ಎಳೆಯುತ್ತಿದ್ದರು. ಕಾಗದ ಸಲೀಸಾಗಿ ಹೊರಬಂದರೆ, “ಇದರ ರಬ್ಬರ್ ಹೋಗ್ಯಾದ, ತಂಪು ನಿಲ್ಲಲ್ಲ, ನಡಿರಿ” ಎಂದು ಹೊರಟೇಬಿಡುತ್ತಿದ್ದರು. ಬಳೆ ಕೊಳ್ಳಲು ಹುಲಸೂರಿನಿಂದ, ಮಾಣಿಕನಗರದಿಂದ ಬಂದ ಹೆಂಗಸರೂ ಅವರ ನಂಬರು ಬರೆದುಕೊಂಡು ಹೋಗುತ್ತಿದ್ದರು. ಕನ್ನಡ ಬರೆಯಲು ಬಾರದ್ದರಿಂದ ಖಾಲಾ ಎಲ್ಲರಿಗೂ ಮಾತಿನಲ್ಲೇ ಉತ್ತರ ಕಳಿಸುತ್ತಿದ್ದರು.

ಅವರು ನನ್ನ ಸಂಸಾರವನ್ನೇ ಉಳಿಸಿದ ಒಂದು ಸಂಗತಿಯನ್ನು ಹೇಳಲೇಬೇಕು.

ಆಗಿನ್ನೂ ಸರ್ಕಾರದ ಉಚಿತ ಕರೆಂಟು ಬಂದಿರಲಿಲ್ಲ. ಎರಡು ಕೋಣೆಯ ನಮ್ಮ ಮನೆಗೆ ತಿಂಗಳಿಂದ ತಿಂಗಳಿಗೆ ಬಿಲ್ಲು ಏರುತ್ತಲೇ ಇತ್ತು. ನನ್ನ ಗಂಡ ಹುಮನಾಬಾದಿನ ಒಂದು ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದರು. ದಣಿದು ಬಂದವರ ಕಣ್ಣಿಗೆ ಆ ಬಿಲ್ಲೇ ಬೀಳುತ್ತಿತ್ತು. “ಮನ್ಯಾಗ ಕುಂತು ಪೂರಾ ದಿನ ಟಿವಿ ನೋಡ್ತಿ” ಎಂದು ನನ್ನ ಮೇಲೆ ಹರಿಹಾಯುತ್ತಿದ್ದರು. ನಾನು ಟಿವಿ ಬಿಟ್ಟೆ. ಮೇ ತಿಂಗಳ ಬಿಸಿಲಲ್ಲಿ ಫ್ಯಾನೂ ಹಚ್ಚದೆ ಬೆವರುತ್ತ ಕುಳಿತೆ. ಮುಂದಿನ ಬಿಲ್ಲು ಇನ್ನೂ ಹೆಚ್ಚು ಬಂತು. “ಸುಳ್ಳು ಹೇಳ್ತಿ” ಎಂದುಬಿಟ್ಟರು ಅವರು. ಆ ಒಂದು ಮಾತು ನನಗೆ ತಡೆಯಲಾಗಲಿಲ್ಲ. ಮರುದಿನ ಅವರು ಕೆಲಸಕ್ಕೆ ಹೋದ ಮೇಲೆ ಸೀರೆಗಳನ್ನು ಬ್ಯಾಗಿಗೆ ತುಂಬಿ, ತವರಿಗೆ ಹೋಗುವ ಬಸ್ಸು ಎಷ್ಟಕ್ಕಿದೆ ಎಂದು ಕೇಳಲು ಖಾಲಾರ ಹತ್ತಿರ ಹೋದೆ.

ಖಾಲಾ ನನ್ನ ಕಣ್ಣು ನೋಡಿದರು, ಬ್ಯಾಗು ನೋಡಿದರು. ಎಲ್ಲ ಕೇಳಿಸಿಕೊಂಡರು.

“ಬಸ್ ಎಲ್ಲಿಗೂ ಹೋಗಲ್ಲ, ದಿನಾ ಬರ್ತದ. ಮೊದಲ ಮೀಟರ್ ನೋಡೋಣ ನಡಿ.”

ರೇಡಿಯೋ ದನಿಯಲ್ಲಿ ಫೋನನ್ನು ಕೇಳಿದರು. ಬಂದ ಪುಟವನ್ನು ನಾನು ಓದಿದೆ. ಮನೆಯ ಎಲ್ಲವನ್ನೂ ಬಂದ್ ಮಾಡಿ ಮೀಟರಿನ ಕೆಂಪು ದೀಪ ನೋಡಬೇಕು, ಕರೆಂಟು ಹರಿಯದಿದ್ದರೆ ಅದು ಮಿಣುಕಬಾರದು ಎಂದಿತ್ತು. ಎಲ್ಲ ಬಂದ್ ಮಾಡಿದೆವು. ದೀಪ ಮಿಣುಕುತ್ತಲೇ ಇತ್ತು. ಮನೆಯ ಮೇನ್ ಸ್ವಿಚ್ಚನ್ನೇ ಇಳಿಸಿದೆವು. ಆಗಲೂ ಮಿಣುಕಿತು.

ಖಾಲಾ ಸೊಂಟದ ಮೇಲೆ ಕೈಯಿಟ್ಟು ತಲೆಯೆತ್ತಿ ಮಹಡಿ ನೋಡಿದರು. ಮೇಲೆ ನಮ್ಮ ಮನೆ ಮಾಲಕರಿದ್ದರು. ನಿವೃತ್ತರು, ಸಂಭಾವಿತರು. ಅವರ ಹೆಂಡತಿಯನ್ನು ನಾವೆಲ್ಲ ಕಾಕು ಎನ್ನುತ್ತಿದ್ದೆವು. ಕಳ್ಳತನದ ಮಾತೆತ್ತಿದರೆ ಮನೆ ಬಿಡಬೇಕಾಗುತ್ತದೆಂದು ನನಗೆ ಭಯ. “ಬ್ಯಾಡ್ರಿ ಖಾಲಾ” ಎಂದೆ.

“ನಾ ಬಳಿ ತೋರ್ಸಾಕ ಹೊಂಟೀನಿ. ನೀ ಇಲ್ಲೇ ನಿಂತು ದೀಪ ನೋಡು. ಫೋನ್ ಚಾಲೂ ಇರ್ಲಿ.”

ಬಳೆಯ ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತಿದರು. ಫೋನಿನಲ್ಲಿ ನನಗೆ ಎಲ್ಲ ಕೇಳಿಸುತ್ತಿತ್ತು. ಕಾಕುಗೆ ಬಳೆ ತೋರಿಸಿದ್ದು, ಬಿಸಿಲಿನ ಮಾತಾಡಿದ್ದು, ತಣ್ಣನೆಯ ನೀರು ಕೇಳಿದ್ದು. ಆಮೇಲೆ, “ಕಾಕು, ನಿಮ್ಮ ಫ್ರಿಜ್ ಭಾಳ ಗುರ್ ಅನ್ನಾಕತ್ತದಲ್ರಿ. ಜರಾ ಬಂದ್ ಮಾಡ್ರಿ, ನೋಡ್ತೀನಿ.”

ಖಟ್ ಎಂಬ ಸದ್ದು.

“ಬೇಟಾ, ಮಿಣಕ್ತದೇನು?”

“ನಿಂತುಬಿಡ್ತ್ರಿ ಖಾಲಾ!”

ಮತ್ತೆ ಫ್ರಿಜ್ಜು ಹಚ್ಚಿಸಿದರು. ದೀಪ ಮತ್ತೆ ಮಿಣುಕತೊಡಗಿತು.

ಆಮೇಲೆ ಏನು ಹೇಳುತ್ತಾರೋ ಎಂದು ಫೋನನ್ನು ಕಿವಿಗೊತ್ತಿ ನಿಂತೆ. ಖಾಲಾ ಎಂದಿಗಿಂತ ಮೆಲ್ಲಗೆ ಮಾತಾಡಿದರು. “ಕಾಕು, ಮನಿ ಕಟ್ಟಿಸುವಾಗ ವೈರ್ ಹಾಕಿದವ ತಪ್ಪು ಮಾಡ್ಯಾನ ಅನಸ್ತದ್ರಿ. ನಿಮ್ಮ ಫ್ರಿಜ್ ತೆಳಗಿನ ಮೀಟರ್ ಮ್ಯಾಲ ಓಡಾಕತ್ತದ. ನಿಮಗ ಗೊತ್ತಿಲ್ಲ, ಖರೇ. ಮಾಲಕರಿಗಿ ಒಂದ್ ಮಾತು ಹೇಳ್ರಿ.” ತಪ್ಪು ತೋರಿಸಿದರು, ತಪ್ಪಿತಸ್ಥರನ್ನು ಮಾಡಲಿಲ್ಲ. ಸಂಜೆಯೊಳಗೆ ಮಾಲಕರು ಎಲೆಕ್ಟ್ರಿಷಿಯನ್ನನ್ನು ಕರೆಸಿದರು. ಮಹಡಿ ಕಟ್ಟಿಸುವಾಗಲೇ ವೈರು ನಮ್ಮ ಮೇನ್ ಸ್ವಿಚ್ಚಿನ ಹಿಂದೆ ಸೇರಿಕೊಂಡಿತ್ತು. ಪಾಪ, ಅವರು ನಾಚಿ ನೀರಾದರು. ತಾವಾಗಿಯೇ ಕೆಲವು ತಿಂಗಳ ಬಾಡಿಗೆ ಬೇಡವೆಂದರು.

ನನ್ನ ಗಂಡ ಬಂದಾಗ ಖಾಲಾ ನಮ್ಮ ಹೊಸ್ತಿಲಲ್ಲೇ ಕುಳಿತಿದ್ದರು. ನಡೆದದ್ದೆಲ್ಲ ಹೇಳಿ, ತಮ್ಮ ಅಳಿಯನನ್ನೇ ಕರೆಯುವ ಹಾಗೆ, “ಜಮಾಯಿರಾಜಾ, ಇನ್ನ ಮ್ಯಾಲೆ ಸಿಟ್ಟು ಬಂದ್ರ ಮೊದಲ ಮೀಟರಿಗಿ ಬೈರಿ” ಎಂದು ಎದ್ದು ಹೋದರು. ಇವರು ಬ್ಯಾಗು ಬಿಚ್ಚಿ, ನನ್ನ ಸೀರೆಗಳನ್ನು ಒಂದೊಂದಾಗಿ ಮಡಚಿ ಕಪಾಟಿನಲ್ಲಿಟ್ಟರು. ಒಂದರ ಅಂಚೂ ಸರಿ ಕೂಡಿರಲಿಲ್ಲ. ನಾನು ತಿದ್ದಲು ಹೋಗಲಿಲ್ಲ.

ಇಷ್ಟೆಲ್ಲ ಜಾಣೆಯಾದ ಖಾಲಾ ಒಮ್ಮೆ ಚೆನ್ನಾಗಿ ಮೋಸಹೋದರು. ಯಾವುದೋ ವೆಬ್‌ಸೈಟಿನಲ್ಲಿ ನಂಬಲಾಗದಷ್ಟು ಅಗ್ಗಕ್ಕೆ ಮಿಕ್ಸರು ಕಂಡಿತ್ತು. ನಾನು ತವರಿಗೆ ಹೋದ ವಾರ, ಯಾರಿಂದಲೂ ಓದಿಸದೆ ದುಡ್ಡು ಕಟ್ಟಿಬಿಟ್ಟಿದ್ದರು. ಪಾರ್ಸೆಲ್ಲು ಬಂದ ದಿನ ಓಣಿಯ ಹೆಂಗಸರನ್ನೆಲ್ಲ ಕರೆದು ಚಹಾ ಕೊಟ್ಟು, ಬಳೆ ಕತ್ತರಿಸುವ ಕತ್ತರಿಯಿಂದ ಡಬ್ಬಿ ಬಿಚ್ಚಿದರು. ಹಳೆ ಪೇಪರಿನಲ್ಲಿ ಸುತ್ತಿದ ಒಂದು ಇಟ್ಟಂಗಿ ಹೊರಬಂತು. ಖಾಲಾ ಇಟ್ಟಂಗಿಯನ್ನು ತಿರುಗಿಸಿ ತಿರುಗಿಸಿ ನೋಡಿ, “ಇದಕ್ಕ ಬಟನ್ ಎಲ್ಲದವಾ?” ಎಂದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುವಿನ ನಡುವೆ ಅವರು ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಂಡದ್ದನ್ನು ನಾನು ಕಂಡೆ. ಆ ಕಣ್ಣೀರು ನಗುವಿನದಾಗಿರಲಿಲ್ಲ.

ಇಬ್ಬರೂ ಕೂಡಿ ಗ್ರಾಹಕರ ದೂರಿನ ವೆಬ್‌ಸೈಟಿನಲ್ಲಿ ದೂರು ಕೊಟ್ಟೆವು. ದುಡ್ಡು ಬರಲಿಲ್ಲ. ಖಾಲಾ ಆ ಇಟ್ಟಂಗಿಯನ್ನು ಅಂಗಡಿಯ ಗಾಜಿನ ಕಪಾಟಿನಲ್ಲಿ, ಕೆಂಪು ಹಸಿರು ಬಳೆಗಳ ನಡುವೆ ಇಟ್ಟರು. ಮರ್ಯಾದೆ ಹೋಗುತ್ತದೆ, ತೆಗೆಯಿರಿ ಎಂದೆ. “ನಾ ಮುಚ್ಚಿಟ್ರ ನಾಳಿ ನೀವೂ ಒಂದೊಂದು ಇಟ್ಟಂಗಿ ತರಸ್ತೀರಿ” ಎಂದರು. ಕೇಳಿದವರಿಗೆಲ್ಲ ಕಥೆ ಹೇಳುತ್ತಿದ್ದರು. ಸರ್ಕಾರದ ವೆಬ್‌ಸೈಟಾದರೆ ಹೆಸರಿನ ಬಾಲ ನೋಡಬೇಕು, ಅಲ್ಲಿ ‘ಗವ್ ಡಾಟ್ ಇನ್’ ಇರಬೇಕು ಎಂದು ನಾನು ತಿಳಿಸಿದ್ದೆ. ಆ ಅಕ್ಷರಗಳನ್ನು ರಟ್ಟಿನ ಮೇಲೆ ದೊಡ್ಡದಾಗಿ ಬರೆಸಿಕೊಂಡರು. ಇಂಗ್ಲಿಷ್ ಬಾರದ ಅವರು ಬಳೆಯ ನಮೂನೆ ಹೊಂದಿಸುವವರ ಹಾಗೆ, ಆ ರಟ್ಟನ್ನು ಫೋನಿನ ಪಕ್ಕ ಹಿಡಿದು ಒಂದೊಂದೇ ಅಕ್ಷರ ತಾಳೆ ನೋಡುತ್ತಿದ್ದರು. ಆಮೇಲೆ ಅವರು ಒಮ್ಮೆಯೂ ಮೋಸಹೋಗಲಿಲ್ಲ.

ಹೋದ ವರ್ಷ ಖಾಲಾರ ಮೂತ್ರಪಿಂಡ ಕೈಕೊಟ್ಟಿತು. ಮಗಳು ಹುಮನಾಬಾದಿಗೆ ಕರೆದೊಯ್ದಳು. ನಾನು ವಾರಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ ನೋಡಿ ಬರುತ್ತಿದ್ದೆ. ಕೊನೆಕೊನೆಗೆ ಅವರ ದನಿ ಬಹಳ ಸಣ್ಣಗಾಗಿತ್ತು. “ಹೆಣ್ಮಕ್ಳು ಏನೇನೋ ಕೇಳಿ ಕಳ್ಸ್ಯಾರ. ಜವಾಬ್ ಕೊಡಾಕ ಗಂಟಲ ಬರವಲ್ದು” ಎಂದು ಕೊರಗಿದರು. “ಆರಾಮಾದ ಮ್ಯಾಲ ಕೊಡೀರಂತ” ಎಂದೆ. ಅವರು ನನ್ನ ಮುಖ ನೋಡಿ ನಕ್ಕರು. ಆರಾಮಾಗುವುದಿಲ್ಲವೆಂದು ಅವರಿಗೆ ನನಗಿಂತ ಮೊದಲೇ ಗೊತ್ತಿತ್ತು. ಮುಂದಿನ ವಾರ ನಾನು ಹೋದದ್ದು ಅವರ ಮಣ್ಣಿಗೆ.

ನಾನು ಹುಮನಾಬಾದಿನಲ್ಲೇ ಉಳಿದಿದ್ದೆ; ಮೂರು ದಿನ ಕಳೆದ ಮೇಲೆ ಮಗಳು ಅವರ ಫೋನನ್ನು ತಂದು ನನ್ನ ಕೈಗಿಟ್ಟಳು. “ಅಮ್ಮೀ ಇದು ನಿಮಗೇ ಕೊಡು ಅಂದಿದ್ರು. ಬೆರಳಿನ ಲಾಕ್‌ನೂ ತೆಗಸ್ಯಾರ.” ತೆರೆದರೆ ಉತ್ತರ ಕಾಣದ ದನಿಗಳು ಸಾಲಾಗಿ ಕಾದಿದ್ದವು. ಮಗಳ ಮನೆಯ ಅಂಗಳದ ಬೇವಿನ ನೆರಳಿನಲ್ಲಿ ಕುಳಿತು ಒಂದೊಂದೇ ಕೇಳಿದೆ. ಹುಲಸೂರಿನ ಒಬ್ಬಾಕೆ ಬ್ಯಾಂಕಿನ ಹೆಸರಲ್ಲಿ ಬಂದ ಮೆಸೇಜು ಖರೆಯೋ ಸುಳ್ಳೋ ಎಂದು ಕೇಳಿದ್ದಳು. ಇನ್ನೊಬ್ಬಾಕೆಗೆ ಮಗಳ ಹಾಸ್ಟೆಲ್ ಅರ್ಜಿ ಮುಂದೆ ಹೋಗುತ್ತಿರಲಿಲ್ಲ. ನಾನು ಪ್ರತಿಯೊಬ್ಬರಿಗೂ ಮೊದಲು ಖಾಲಾ ಇಲ್ಲವೆಂದು ಹೇಳಿ, ಆಮೇಲೆ ಅವರು ಕೇಳಿದ್ದಕ್ಕೆ ನನಗೆ ತಿಳಿದಷ್ಟು ಉತ್ತರ ಹೇಳಿದೆ. ಹಾಗೆ ಹೇಳುತ್ತ ಹೇಳುತ್ತ ನನ್ನ ದನಿ ಎಷ್ಟೋ ಸಲ ಒಡೆಯಿತು.

ಮಾಣಿಕನಗರದಲ್ಲಿ ಕಾಯಿ ಮಾರುವ ಒಬ್ಬ ಹೆಣ್ಣುಮಗಳು ಗ್ಯಾಸಿನ ಉರಿ ಹಳದಿ ಬರುತ್ತಿದೆ, ಬೋಗುಣಿಗಳೆಲ್ಲ ಕಪ್ಪಾಗುತ್ತಿವೆ ಎಂದಿದ್ದಳು. ಬರ್ನರ್ ತೆಗೆದು ಬಿಸಿನೀರಿಗೆ ನಿಂಬೆರಸ ಹಿಂಡಿ ನೆನೆಯಿಡಿ ಎಂದು ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವಳಿಂದ ದನಿ ಬಂತು. ಅದರ ತುಂಬ ಬರೀ ಅಳು. “ನನ್ನ ಮದುವಿ ಬಳಿ ಖಾಲಾನೇ ಇಡಿಸಿದ್ರಿ” ಎಂದಷ್ಟೇ ತಿಳಿಯಿತು. ನಾನೂ ಅತ್ತೆ. ಇನ್ನೊಂದು ದನಿ ಬಂತು. ಮೂಗು ಒರೆಸಿಕೊಂಡ ಸದ್ದು, ಆಮೇಲೆ ಅಳುಕುತ್ತ ಒಂದು ಪ್ರಶ್ನೆ: “ಅಕ್ಕಾರ, ನಿಂಬಿ ನೀರಾಗ ಎಷ್ಟೊತ್ತು ಇಡಬೇಕ್ರಿ?”

ಅಳುತ್ತಲೇ ನನಗೆ ನಗು ಬಂತು. “ಒಂದ್ ತಾಸು ಇಡ್ರಿ. ಆಮ್ಯಾಲ ಸೂಜಿಲೆ ಎಲ್ಲಾ ತೂತು ಬಿಡಿಸಿ, ಚಂದಾಗಿ ಒಣಗಿಸಿ ಹಚ್ರಿ” ಎಂದೆ.

ಮರುದಿನ ಬೆಳಿಗ್ಗೆ ಬಸವಕಲ್ಯಾಣಕ್ಕೆ ಹೊರಟು ಬಸ್ಸಿನಲ್ಲಿ ಕುಳಿತಿದ್ದಾಗ ಅವಳಿಂದ ಒಂದು ಫೋಟೋ ಬಂತು. ಸಣ್ಣ ಅಡುಗೆಮನೆ, ಹಳೆಯ ಒಲೆ, ಅದರ ಮೇಲೆ ದುಂಡಗೆ ಎದ್ದ ನೀಲಿ ಉರಿ.