ಹೆಣ್ಣು: ತಿಳಿದುಬಂದಿಲ್ಲ

ನಂಜನಗೂಡಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾ ನನ್ನ ಆಯುಸ್ಸಿನ ಅರ್ಧ ಕಳೆದಿದೆ. ಮನೆ ಟಿ. ನರಸೀಪುರದಲ್ಲಿ. ಇಷ್ಟು ವರ್ಷಗಳಲ್ಲಿ ಜಗತ್ತಿಗೆ ಗೊತ್ತಿಲ್ಲದ ಒಂದೇ ಒಂದು ಜೀವಿ ನನ್ನ ಕಣ್ಣಿಗೆ ಬಿತ್ತು. ಅದೂ ಒಂದು ನೊಣ.

ಅನ್ನದ ಮೇಲೆ ಕೂರುವ ನೊಣವಲ್ಲ. ಹಸಿಮಣ್ಣಿನ ಮೇಲೆ ಓಡಾಡುವ, ಅಕ್ಕಿಕಾಳಿಗಿಂತ ಚಿಕ್ಕದಾದ, ಮೈತುಂಬ ತಾಮ್ರ ಬೆರೆತ ಹಸಿರು ಹೊಳಪಿರುವ ನೊಣ. ಕಾಲು ಮಾತ್ರ ಮೈಗೆ ಹೊಂದದಷ್ಟು ಉದ್ದ. ಈ ಜಾತಿಯವನ್ನು ಉದ್ದಕಾಲಿನ ನೊಣ ಎನ್ನುತ್ತೇವೆ. ಇವುಗಳಲ್ಲಿ ಸಾವಿರಾರು ಬಗೆ.

ಹೆಮ್ಮರಗಾಲದ ಆಚೆ ಒಂದು ಉಪನಾಲೆಯ ಮೇಲೆ ಹಳೆಯ ಕಲ್ಲಿನ ತೂಬಿತ್ತು. ಅದರ ಸಂದಿನಿಂದ ನೀರು ಸದಾ ಜಿನುಗಿ, ಕೆಳಗೆ ಚಾಪೆಯಗಲದ ಜಾಗ ಪಾಚಿ ಹಿಡಿದು ಹಸಿಯಾಗಿಯೇ ಇರುತ್ತಿತ್ತು. ವಿದ್ಯಾರ್ಥಿಗಳನ್ನು ಕೀಟ ತೋರಿಸಲು ಕರೆದೊಯ್ದ ದಿನ ಅಲ್ಲಿ ಮೊದಲ ಗಂಡು ಸಿಕ್ಕಿತು. ಮುಂಗಾಲಿನ ತುದಿ ಚಪ್ಪಟೆಯಾಗಿ, ಅಚ್ಚ ಬಿಳುಪಾಗಿ, ಪುಟ್ಟ ಬಾವುಟದಂತಿತ್ತು. ಇಂಥದ್ದನ್ನು ನಾನು ಎಲ್ಲೂ ನೋಡಿರಲಿಲ್ಲ.

ಈ ನೊಣಗಳನ್ನು ಬಲ್ಲ ಹಿರಿಯರೊಬ್ಬರು ಬೇರೆ ರಾಜ್ಯದಲ್ಲಿದ್ದಾರೆ. ಅವರಿಗೆ ಫೋಟೋ ಕಳಿಸಿದೆ. ಮರುದಿನವೇ ಫೋನ್ ಮಾಡಿ, ಇದು ಹೊಸದೇ ಇರಬೇಕು, ಆದರೆ ಒಂದೇ ನೊಣ ಇಟ್ಟುಕೊಂಡು ವರ್ಣನೆ ಬರೆಯಬೇಡಿ, ಇನ್ನೂ ಕೆಲವು ಗಂಡು ಬೇಕು, ಹೆಣ್ಣೂ ಬೇಕು ಎಂದರು. ಅಂದಿನಿಂದ ಕಾಲೇಜು ಮುಗಿದ ಮೇಲೆ ಸ್ಕೂಟರಿನಲ್ಲಿ ಆ ತೂಬಿಗೆ ಹೋಗತೊಡಗಿದೆ. ಮಂಡಿಯೂರಿ ಕೂತು ಎರಡು ವಾರದಲ್ಲಿ ಮತ್ತೆರಡು ಗಂಡು ಹಿಡಿದೆ.

ನಾಲೆಯ ಏರಿಯ ಮೇಲೆ ಹುಲ್ಲು ಕೊಯ್ಯಲು ಬರುತ್ತಿದ್ದ ಒಬ್ಬ ಹೆಂಗಸು ನನ್ನನ್ನು ದಿನವೂ ನೋಡುತ್ತಿದ್ದಳು. ವಯಸ್ಸು ನನ್ನಷ್ಟೇ. ನಾಲೆಯ ತೀರ ಕೊನೆಯಲ್ಲಿ ಅವಳ ಗದ್ದೆ. ಒಂದು ಸಂಜೆ ಹುಲ್ಲಿನ ಹೊರೆ ಇಳಿಸಿ ಕೇಳಿದಳು.

"ಏನ್ ಮೇಡಮ್ಮೋರೆ, ದಿನಾ ಬಂದು ಕೆಸ್ರಲ್ಲಿ ಕೂತ್ಕತೀರಿ? ಏನಾರ ಕಳ್ಕಂಡ್ರಾ?"

"ಇಲ್ಲಮ್ಮ, ನೊಣ ಹುಡುಕ್ತಿದ್ದೀನಿ."

"ನೊಣವಾ? ನಮ್ಮ ಕೊಟ್ಗೆಗೆ ಬನ್ನಿ, ಮಂಕ್ರಿಗಟ್ಲೆ ಕೊಡ್ತೀನಿ."

ಇಬ್ಬರೂ ನಕ್ಕೆವು. ಅವಳೂ ಬಂದು ಪಕ್ಕದಲ್ಲಿ ಕೂತಳು. ಅವಳ ಕಣ್ಣು ನನ್ನ ಕಣ್ಣಿಗಿಂತ ಚುರುಕು. ಸ್ವಲ್ಪ ಹೊತ್ತಿಗೆ ನನ್ನ ಮೊಣಕೈ ಹಿಡಿದು ಪಿಸುಗುಟ್ಟಿದಳು.

"ಅಲ್ನೋಡಿ, ಕಲ್ಲಿನ್ ಮ್ಯಾಲೆ. ಎಣ್ಣಿನ್ ಮುಂದೆ ನಿಂತ್ಕಂಡು ಕೈ ಬೀಸ್ತಾವ್ನೆ!"

ನಿಜ. ಗಂಡು ಮುಂಗಾಲುಗಳ ಬಿಳಿ ತುದಿಗಳನ್ನು ಒಂದಾದ ಮೇಲೊಂದು ಎತ್ತಿ ಇಳಿಸುತ್ತಿತ್ತು. ಎದುರಿಗೆ ಯಾವ ಅಲಂಕಾರವೂ ಇಲ್ಲದ, ಮಂಕು ಹಸಿರಿನ ಇನ್ನೊಂದು ನೊಣ ಅಲುಗದೆ ಕೂತಿತ್ತು. ನಾನು ಇನ್ನೊಂದು ನಿಮಿಷ ನೋಡಬೇಕಿತ್ತು. ನೋಡಲಿಲ್ಲ. ಬಲೆ ಬೀಸಿದೆ. ಗಂಡು ಸಿಕ್ಕಿತು, ಹೆಣ್ಣು ಹಾರಿಹೋಯಿತು.

"ಬುಡಿ, ನಾಳಿಕ್ ಸಿಕ್ತಾಳೆ," ಎಂದಳು ಅವಳು.

ಮರುದಿನದಿಂದ ಪರೀಕ್ಷಾ ಕೆಲಸ ಬಿತ್ತು. ನಾಲೆಗೆ ನೀರು ನಿಲ್ಲಿಸಿದ್ದೂ ಅದೇ ಸಮಯಕ್ಕೆ. ನಾನು ಮತ್ತೆ ಹೋಗುವಷ್ಟರಲ್ಲಿ ಜೆಸಿಬಿ ತೂಬಿನ ಕಲ್ಲುಗಳನ್ನೆಲ್ಲ ಕಿತ್ತು ದಡಕ್ಕೆ ಹಾಕಿತ್ತು. ಪಾಚಿ ಇನ್ನೂ ಕಲ್ಲಿಗೆ ಅಂಟಿಕೊಂಡೇ ಒಣಗುತ್ತಿತ್ತು. ನಾಲೆಯ ಉದ್ದಕ್ಕೂ ಕಾಂಕ್ರೀಟು ಹಾಕುತ್ತಿದ್ದರು.

ಅಲ್ಲಿ ನಿಂತಿದ್ದ ಇಂಜಿನಿಯರ್ ನನ್ನ ಮಗನ ವಯಸ್ಸಿನವರು. ಈ ಒಂದು ಮೂಲೆಯನ್ನಾದರೂ ಹಾಗೇ ಬಿಡಲಾಗುತ್ತದೆಯೇ ಎಂದು ಕೇಳಿದೆ. ಅವರು ಗೌರವದಿಂದಲೇ ಹೇಳಿದರು. "ಮೇಡಂ, ಈ ಸೋರಿಕೆಯಿಂದ್ಲೇ ಕೊನೆ ಗದ್ದೆಗಳಿಗೆ ನೀರು ತಲುಪ್ತಿರ್ಲಿಲ್ಲ. ನೊಣಕ್ಕೋಸ್ಕರ ಬಿಟ್ಟೆ ಅಂತ ಆ ರೈತರಿಗೆ ಹೇಗೆ ಹೇಳ್ಲಿ?"

ಆ ಕೊನೆ ಗದ್ದೆಗಳಲ್ಲಿ ಹುಲ್ಲು ಕೊಯ್ಯುವವಳದ್ದೂ ಒಂದು. ದಡದ ಮೇಲೆ ಊರವರೊಂದಿಗೆ ಅವಳೂ ನಿಂತಿದ್ದಳು. ನನ್ನನ್ನು ಕಂಡವಳೇ ಕೈ ಬೀಸಿ ಕರೆದಳು. "ಈ ಸಲ ಭತ್ತ ಆಕ್ತೀವಿ ಮೇಡಮ್ಮೋರೆ!" ಅವಳ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದುವರೆಗೆ ನೋಡಿರಲಿಲ್ಲ. ಒಳ್ಳೆಯದಾಯಿತಮ್ಮ ಎಂದೆ. ಮನೆಯವರೆಗೂ ಸ್ಕೂಟರ್ ಹೇಗೆ ಓಡಿಸಿಕೊಂಡು ಬಂದೆನೋ ಗೊತ್ತಿಲ್ಲ.

ಆಮೇಲೆ ಒಂದು ವರ್ಷ ಹುಡುಕಿದೆ. ಕಳಲೆಯ ಸುತ್ತಿನ ಕಾಲುವೆಗಳು, ಕಬಿನಿಯ ದಡ, ನರಸೀಪುರದಲ್ಲಿ ನದಿಗಳು ಕೂಡುವ ಕಡೆಯ ಕೆಸರು, ಕೊನೆಗೆ ಬೋರ್‌ವೆಲ್ ನೀರು ಹರಿದು ನಿಂತ ಗುಂಡಿಗಳನ್ನೂ ಬಿಡಲಿಲ್ಲ. ಉದ್ದಕಾಲಿನ ನೊಣಗಳು ಬೇಕಾದಷ್ಟು ಸಿಕ್ಕವು. ಎಲ್ಲವೂ ಎಲ್ಲ ಕಡೆ ಸಿಗುವಂಥವು. ಬಿಳಿ ಬಾವುಟದವನು ಒಬ್ಬನೂ ಇಲ್ಲ.

ಕೊನೆಗೆ ಇದ್ದ ನಾಲ್ಕನ್ನೇ ಮುಂದಿಟ್ಟುಕೊಂಡು ವರ್ಣನೆ ಬರೆಯಲು ಕೂತೆ. ಮೈಕ್ರೋಸ್ಕೋಪಿನ ಕೆಳಗೆ ಒಂದೊಂದು ಕೂದಲನ್ನೂ ಎಣಿಸಬೇಕು. ಮುಖ ಬೆಳ್ಳಿಬಣ್ಣ. ಮೀಸೆ ಕಪ್ಪು. ರೆಕ್ಕೆ ಪಾರದರ್ಶಕ, ತುದಿಯಲ್ಲಿ ತುಸು ಹೊಗೆಬಣ್ಣ. ಒಂದರ ಹೊಟ್ಟೆಯ ತುದಿ ಕತ್ತರಿಸಿ ಒಳಗಿನ ಜನನಾಂಗದ ಚಿತ್ರ ಬರೆದೆ. ಇನ್ನೊಂದನ್ನು ತಿರುಗಿಸುವಾಗ ಹಿಂಗಾಲು ಉದುರಿಹೋಯಿತು. ಅದನ್ನು ಹುಡುಕಿ ಎತ್ತಿಟ್ಟುಕೊಂಡೆ. ಆ ಚಾಪೆಯಗಲದ ಜಾಗದಲ್ಲಿ ಒಟ್ಟು ಎಷ್ಟಿದ್ದವೋ! ನಾಲ್ಕನ್ನು ನಾನೇ ಕೊಂದಿದ್ದೆ. ಹೆಣ್ಣಿನ ಎದುರು ನಿಂತಿದ್ದವನನ್ನೂ ಬಿಟ್ಟಿರಲಿಲ್ಲ. ಜೆಸಿಬಿಯನ್ನು ದೂರುವ ಬಾಯಿ ನನಗೆಲ್ಲಿಂದ ಬರಬೇಕು?

ಗಂಡಿನ ವರ್ಣನೆ ಮೂರು ಪುಟ ಆಯಿತು. ಅದರ ಕೆಳಗೆ ರೂಢಿಯಂತೆ ಇನ್ನೊಂದು ಸಾಲು ಬರೆಯಬೇಕು: ಹೆಣ್ಣು, ತಿಳಿದುಬಂದಿಲ್ಲ. ನಾನು ಕಣ್ಣಾರೆ ಕಂಡಿದ್ದೆ. ಆದರೆ ಸೀಸೆಯಲ್ಲಿ ಇಲ್ಲದ್ದು ಶಾಸ್ತ್ರಕ್ಕೆ ಇಲ್ಲ. ಹಾಗೇ ಬರೆದೆ. ಹೆಸರಿಲ್ಲದೆ ಅಳಿಯುವುದಕ್ಕಿಂತ ಹೆಸರು ಪಡೆದು ಅಳಿಯುವುದು ಮೇಲಲ್ಲವೇ ಎಂದು ಹಿರಿಯರು ಸಮಾಧಾನ ಹೇಳಿದರು. ಯಾರಿಗೆ ಮೇಲು ಎಂದು ಕೇಳಬೇಕೆನಿಸಿತು.

ಲೇಖನ ಅಚ್ಚಾದ ಮೇಲೆ ಪ್ರತಿಯೊಂದನ್ನು ಹಿಡಿದು ಆ ಹೆಂಗಸಿನ ಗದ್ದೆಗೆ ಹೋದೆ. ಬದುವಿನವರೆಗೂ ಭತ್ತ ಹಸಿರಾಗಿ ನಿಂತಿತ್ತು. ಚಿತ್ರ ತೋರಿಸಿ, ನೊಣಕ್ಕೆ ಅವಳ ಊರಿನ ಹೆಸರಿಟ್ಟಿದ್ದೇನೆ ಎಂದೆ.

"ನೊಣಕ್ಕಾ ನಮ್ಮೂರೆಸ್ರು?" ನಗುತ್ತಾ ಪುಟವನ್ನು ಕಣ್ಣಿನ ಹತ್ತಿರ ಹಿಡಿದಳು. "ಊಂ, ಅವ್ನೇ. ಕೈ ಬೀಸ್ದವ್ನು. ಈಗ ಎಲ್ಲವ್ವೆ ಇವು?"

"ಎಲ್ಲೂ ಸಿಗ್ಲಿಲ್ಲಮ್ಮ. ಹೋದ್ವು ಅನ್ಸುತ್ತೆ."

ಅವಳ ನಗು ನಿಂತಿತು.

"ತೂಬು ಕೀಳ್ಸಿ ಅಂತ ನಮ್ಮೂರೋರು ಅರ್ಜಿ ಕೊಟ್ರಲ್ಲ, ಮೊದ್ಲು ಎಬ್ಬೆಟ್ಟು ಒತ್ತಿದ್ದೇ ನಾನು ಕಣ್ರವ್ವ," ಎಂದಳು. "ನಂಗೇನ್ ಗೊತ್ತಿತ್ತು?"

"ನಿನ್ನದೇನೂ ತಪ್ಪಿಲ್ಲ," ಎಂದೆ. ನಿಜವೇ. ಆದರೆ ಆ ಮಾತು ಅವಳನ್ನೂ ಸಮಾಧಾನ ಮಾಡಲಿಲ್ಲ, ನನ್ನನ್ನೂ. ಪುಟವನ್ನು ಮಡಚಿ ವಾಪಸ್ಸು ಕೊಟ್ಟಳು. ಇಟ್ಟುಕೋ ಎಂದರೂ ಇಟ್ಟುಕೊಳ್ಳಲಿಲ್ಲ.

ಈಗ ಮಕ್ಕಳನ್ನು ನಾಲೆಯ ಕಡೆ ಕರೆದೊಯ್ಯುವುದನ್ನು ನಿಲ್ಲಿಸಿದ್ದೇನೆ. ಯಾಕೆ ಮೇಡಂ ಎಂದು ಕೇಳಿದರೆ ಬಸ್ಸು ಸಿಗುವುದಿಲ್ಲ ಎನ್ನುತ್ತೇನೆ. ಪಠ್ಯದಲ್ಲಿ ಇರುವಷ್ಟನ್ನು ಬೋರ್ಡಿನ ಮೇಲೆ ಬರೆದು ಮನೆಗೆ ಬರುತ್ತೇನೆ.