ಬಾಲಕ್ಕೆ ಬಳಿದ ಬಣ್ಣ

ರೋಣ, ನರಗುಂದದವರೆಗೆ ಎಲ್ಲರ ದನಿ ತೆಗೆದು, ಅವರಂತೆಯೇ ಮಾತಾಡಿ ನಗಿಸುವ ನಾನು ಒಬ್ಬರದನ್ನು ಮಾತ್ರ ಬಿಟ್ಟಿದ್ದೇನೆ. ತಪ್ಪು ನನ್ನದೇ; ಕುಂಚ ಸಿಕ್ಕರೆ ನಾನು ಮಂಗ.

ನಾನು ಕೈಯಾಳಾಗಿದ್ದ ಗಜೇಂದ್ರಗಡದ ಪಂಪ್‌ಸೆಟ್ ಮೇಸ್ತ್ರಿ ಕಾಕಾ ಶೆಡ್ಡಿನಲ್ಲಿ ತಾವೇ ಪುಟ್ಟ ವಿಮಾನ ಕಟ್ಟಿದ್ದರು. ಬಾಲದಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿಯನ್ನು ಎರಡು ಚಾಕುಗಳ ಅಂಚಿನ ಮೇಲಿಟ್ಟು, ಮಟ್ಟವಾಗಿ ನಿಲ್ಲುವವರೆಗೆ ಮುಂತುದಿಗೆ ಸೀಸ ಸೇರಿಸುತ್ತಿದ್ದರು. “ಉಸುರ ಬಿಡಬ್ಯಾಡ, ತೂಕ ತಪ್ಪತೈತಿ” ಎನ್ನುತ್ತಿದ್ದರು. ಕೆನ್ನೆ ಉಬ್ಬಿಸಿ ನಾನೂ ಹಾಗೇ ಅಂದು ಅಣಕಿಸುತ್ತಿದ್ದೆ.

ಮೊದಲ ಹಾರಾಟದ ಹಿಂದಿನ ದಿನ, ಖುಷಿಪಡಲಿ ಎಂದು ಪಟ್ಟಿಯ ಹಿಂತುದಿಗೆ ಅವರ ಹೆಸರನ್ನು ದಪ್ಪಗೆ ಬರೆದೆ. ಅವರು ಮತ್ತೆ ಚಾಕುಗಳ ಮೇಲಿಟ್ಟರು, ಹಿಂಬದಿ ಜಗ್ಗಿತು. ಬಣ್ಣ ಕೆರೆಯತೊಡಗಿದರು.

“ಚಮಚಾದಷ್ಟು ಬಣ್ಣರೀ ಕಾಕಾ, ಏನಾಗತೈತಿ?” ಎಂದೆ.

“ಮ್ಯಾಲ ಹೋದಾಗ ಬಾಲ ಥರಗುಟ್ಟಿ ಮುರದು ನಾ ಬಿದ್ರ, ಮನ್ಯಾಗ ನಿಮ್ಮ ಕಾಕು ಜೋಡಿ ನನ್ನ ದನಿ ತಗದು ನೀನ ಮಾತಾಡ್ತಿಯೇನು?”